ಬೋಟ್ ‘ವಿಂಟರೈಸ್’ ಆಗಿದೆ ಅಂತ ಬಿಲ್ ಕೊಟ್ಟರೆ ನಂಬಿ ಸುಮ್ಮನಾಗಬೇಡಿ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆ ಬೋಟ್ ಇಟ್ಟುಕೊಂಡಿರುವ ಕನ್ನಡದವರು ದಯವಿಟ್ಟು ಓದಿ. ವಿಂಟರೈಸ್ ಅಂದರೆ ಚಳಿಗಾಲಕ್ಕೆ ಮೊದಲು ಎಂಜಿನ್ನಿನ ನೀರು ಇಳಿಸಿ ಬೋಟನ್ನು ಚಳಿ ತಡೆಯುವಂತೆ ಸಿದ್ಧ ಮಾಡುವುದು. ಅದರಲ್ಲೂ ಎಂಜಿನ್ ಬೋಟಿನ ಒಳಗೇ ಇರುವ ಸ್ಟರ್ನ್‌ಡ್ರೈವ್ ಕೊಂಡವರು, ಅಕ್ಟೋಬರ್ ಮುಗಿಯುವುದರೊಳಗೆ ಓದಿ.

ನಮ್ಮದು 4.3 ಲೀಟರ್ ವಿ6. ಲೇಕಿನ ನೀರನ್ನೇ ಎಳೆದುಕೊಂಡು ತಣ್ಣಗಾಗುವ ಎಂಜಿನ್. ಸೀಸನ್ ಮುಗಿದ ಮೇಲೆ ಆ ನೀರೆಲ್ಲ ಬ್ಲಾಕಿನಿಂದ, ಅಂದರೆ ಎಂಜಿನ್ನಿನ ಎರಕದ ಕಬ್ಬಿಣದ ಮೈಯಿಂದ, ಹೊರಗೆ ಬರಬೇಕು. ನೀರು ಗಡ್ಡೆ ಕಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಎರಕದ ಕಬ್ಬಿಣ ಜಾಗ ಬಿಡುವುದಿಲ್ಲ, ಸೀಳುತ್ತದೆ. ನಾನು ಕುಂದಾಪುರದ ಕಡೆಯವನು. ನಮ್ಮೂರಲ್ಲಿ ಬೋಟ್ ದಡಕ್ಕೆ ಹತ್ತುವುದು ಮಳೆಗಾಲಕ್ಕೆ, ಜೂನ್–ಜುಲೈ ಮೀನುಗಾರಿಕೆ ನಿಷೇಧ ಬಂದಾಗ. ಚಳಿಗೆ ಎಂಜಿನ್ ಒಡೆಯುತ್ತದೆ ಅಂದರೆ ಅಲ್ಲಿ ನಗುತ್ತಾರೆ.

ಇಲ್ಲಿನ ಒಂದು ಶಾಪಿಗೆ ಕೆಲಸ ಕೊಟ್ಟೆವು. ಬಿಲ್‌ನಲ್ಲಿ ಒಂದೇ ಸಾಲು: ‘ವಿಂಟರೈಸೇಷನ್ ಕಂಪ್ಲೀಟ್’. ಮೇಲೆ ಬಿಗಿಯಾಗಿ ಸುತ್ತಿದ ಬಿಳಿ ಪ್ಲಾಸ್ಟಿಕ್ ಹೊದಿಕೆ (ಶ್ರಿಂಕ್‌ರ್ಯಾಪ್), ನೋಡಲು ಲಕ್ಷಣವಾಗಿತ್ತು. ಮೇ ತಿಂಗಳಲ್ಲಿ ಅದನ್ನು ಬಿಚ್ಚಿ, ಸ್ಟಾರ್ಟ್ ಮಾಡುವ ಮೊದಲು ಆಯಿಲ್ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು ನೋಡಿದರೆ ಆಯಿಲ್ ಹಾಲು ಜಾಸ್ತಿಯಾದ ಕಾಫಿಯ ಹಾಗಿತ್ತು. ಆಯಿಲ್‌ಗೆ ನೀರು ಸೇರಿದೆ ಅಂತಲೇ ಅರ್ಥ.

ಬೇರೆ ಮೆಕ್ಯಾನಿಕ್ ಒಬ್ಬರು ಬಂದು ಬ್ಲಾಕಿನ ಎಡಬದಿಯ ಡ್ರೇನ್ ಪ್ಲಗ್ ಬಿಚ್ಚಿದರು. ಒಂದು ಹನಿಯೂ ಬರಲಿಲ್ಲ. ತೂತಿನೊಳಗೆ ತಂತಿ ಹಾಕಿ ಕೆದಕಿದರು. ಮೊದಲು ತುಕ್ಕಿನ ಕೆಂಪು ಕೆಸರು, ಮರಳು. ಆಮೇಲೆ ನೀರು ಸುರಿಯಿತು. ಹೋದ ಸೀಸನ್ನಿನ ನೀರು! ಪ್ಲಗ್ ತೆಗೆದ ಪುಣ್ಯಾತ್ಮ ಏನೂ ಬರದಿದ್ದುದನ್ನು ನೋಡಿ ಖಾಲಿ ಅಂದುಕೊಂಡು ವಾಪಸ್ ಹಾಕಿರಬೇಕು, ಅಂದರು.

ಎಂಜಿನ್ನಿನೊಳಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ (ಚಳಿಗೆ ಗಡ್ಡೆ ಕಟ್ಟದ ದ್ರಾವಣ) ಓಡಿಸಿದ್ದೇವಲ್ಲ ಎಂದು ಶಾಪಿನವರ ವಾದ. ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ (ಬಿಸಿಗೆ ತೆರೆದುಕೊಳ್ಳುವ ವಾಲ್ವ್) ತೆರೆಯದಿದ್ದರೆ ಅದು ಬ್ಲಾಕಿಗೆ ಸರಿಯಾಗಿ ಇಳಿಯುವುದೇ ಇಲ್ಲ. ಹೆಚ್ಚಿನಂಶ ಎಕ್ಸಾಸ್ಟ್‌ನಿಂದ ಆಚೆ ಹೋಗುತ್ತದೆ. ಹಿಂದೆ ಗುಲಾಬಿ ನೀರು ಕಂಡರೆ ಕೆಲಸ ಮುಗಿಯಿತು ಅಂತ ಅನ್ನಿಸಿಬಿಡುತ್ತದೆ, ಅಲ್ವಾ? ಇನ್ನೊಂದು, ಡಬ್ಬಿ ಮೇಲಿನ ಮೈನಸ್ 50 ಫ್ಯಾರನ್‌ಹೀಟ್ ಅನ್ನುವುದು ನೀರು ಬೆರೆಸದ ದ್ರಾವಣದ ಲೆಕ್ಕ. ಒಳಗೆ ಉಳಿದ ನೀರಿನ ಜೊತೆ ಬೆರೆತರೆ ಆ ಲೆಕ್ಕ ಕೆಟ್ಟಿತು.

ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಬ್ಲಾಕ್ ಬಿರುಕು ಬಿಟ್ಟಿತ್ತು. ಬೆಸುಗೆಗೆ ಬಗ್ಗುವ ಜಾಗವಲ್ಲ, ಎಂಜಿನ್ನೇ ಬದಲಿಸಬೇಕು. ಅದರ ಖರ್ಚು ಬೋಟ್ ಕೊಂಡ ಬೆಲೆಯ ಅರ್ಧಕ್ಕಿಂತ ಜಾಸ್ತಿ. ನಮ್ಮ ಇನ್ಶೂರೆನ್ಸ್‌ನಲ್ಲಿ ಹಿಮಗಟ್ಟಿ ಆದ ಹಾನಿಗೆ ದುಡ್ಡಿಲ್ಲ. ಶಾಪಿನವರು ದೊಡ್ಡ ಮನಸ್ಸು ಮಾಡಿ ಮುಂದಿನ ವರ್ಷದ ವಿಂಟರೈಸೇಷನ್‌ಗೆ ಅರ್ಧ ರೇಟ್ ಅಂದರು.

ಆದ್ದರಿಂದ ಶಾಪಿನಲ್ಲಿ ಬೋಟ್ ಬಿಡುವಾಗಲೇ ಹೇಳಿ: ಬ್ಲಾಕಿನ ಎರಡೂ ಬದಿ, ಎರಡೂ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಪಂಪಿನ ದೊಡ್ಡ ಹೋಸ್, ಎಲ್ಲ ಕಡೆ ನೀರು ಸುರಿಯುವ ಫೋಟೋ ಬೇಕು. ಪ್ರತಿ ತೂತಿಗೂ ತಂತಿ ಹಾಕಬೇಕು. ಸಾಧ್ಯವಾದರೆ ನೀವೇ ನಿಂತು ನೋಡಿ. ಆಂಟಿಫ್ರೀಜ್ ತುಂಬಿಸದೆ ಬರೀ ನೀರು ಇಳಿಸಿ ಇಡುವುದಾದರೆ, ಬಿಚ್ಚಿದ ಪ್ಲಗ್‌ಗಳನ್ನು ಕವರಿಗೆ ಹಾಕಿ ಸ್ಟೀರಿಂಗ್‌ಗೆ ಕಟ್ಟಿಡಲು ಹೇಳಿ. ಒಳ್ಳೆಯ ಮೆಕ್ಯಾನಿಕ್‌ಗಳು ಹೀಗೇ ಮಾಡುತ್ತಾರೆ. ಬೋಟಿನ ತಳದ ಪ್ಲಗ್ ತೋರಿಸಿ ‘ತೆಗೆದಿದ್ದೇವೆ’ ಅಂದರೆ ಒಪ್ಪಬೇಡಿ. ಮಿನ್ನೆಸೋಟದಲ್ಲಿ ರಸ್ತೆಯಲ್ಲಿ ಒಯ್ಯುವಾಗ ಅದು ಕಾನೂನು ಪ್ರಕಾರ ತೆಗೆದೇ ಇರಬೇಕು. ಎಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ.

ಡ್ರೈವಿನ (ಬೋಟಿನ ಹಿಂದೆ ಹೊರಗಿರುವ, ಪ್ರೊಪೆಲ್ಲರ್ ತಿರುಗಿಸುವ ಭಾಗ) ಗೇರ್ ಆಯಿಲ್ ಅನ್ನೂ ಚಳಿಗೆ ಮೊದಲೇ ಇಳಿಸಿ ನೋಡಿ. ಬೆಳ್ಳಗಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ, ಆ ನೀರು ಗಡ್ಡೆ ಕಟ್ಟಿದರೆ ಗೇರ್‌ಕೇಸ್ ಕೂಡ ಸೀಳುತ್ತದೆ. ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗೆ ತೂಗುವ ಎಂಜಿನ್) ಇರುವವರಿಗೆ ಗೇರ್ ಆಯಿಲ್ ಬಿಟ್ಟರೆ ಇಷ್ಟೆಲ್ಲ ತಲೆನೋವಿಲ್ಲ. ಎಂಜಿನ್ ನೆಟ್ಟಗೆ ನಿಲ್ಲಿಸಿದರೆ ನೀರು ತಾನಾಗಿ ಇಳಿಯುತ್ತದೆ. ವಾಲಿಸಿ ಮಾತ್ರ ಇಡಬೇಡಿ.