ಡೀಪ್‌ಕೂಲ್ ಎಕೆ400: ಗ್ರಾಫಿಕ್ಸ್ ಕಾರ್ಡ್ ಬದಲಿಸಿದ ಮೇಲೆ ಪ್ರೊಸೆಸರ್ ಬಿಸಿಯಾದರೆ ಇದು ಮದ್ದೇ?

ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ತೆಗೆದು ಆರ್‌ಟಿಎಕ್ಸ್ 4070 ಕೂರಿಸಿದ್ದೇ ತಡ, ಅಲ್ಲಿಯವರೆಗೆ ತಣ್ಣಗಿದ್ದ ರೈಜನ್ 5 5600 ಪ್ರೊಸೆಸರ್ ಆಟದ ನಡುವೆ 85 ಡಿಗ್ರಿ ದಾಟತೊಡಗುತ್ತದೆ. ಆಗ ಬರುವ ಮೊದಲ ಸಲಹೆ ‘ಕೂಲರ್ ಬದಲಿಸಿ, ಎಕೆ400 ಹಾಕಿ’. ಕೂಲರ್ ಒಳ್ಳೆಯದೇ. ಆದರೆ ಅರ್ಧ ಜನಕ್ಕೆ ಬೇಕಿರುವುದು ಅದಲ್ಲ.

1650 ಎಳೆಯುತ್ತಿದ್ದದ್ದು 75 ವ್ಯಾಟ್, 4070 ಎಳೆಯುವುದು 200. ಹೆಚ್ಚುವರಿ 125 ವ್ಯಾಟ್ ಶಾಖವೆಲ್ಲ ಕ್ಯಾಬಿನೆಟ್ಟಿನೊಳಗೇ ಬಂದು ಬೀಳುತ್ತದೆ. ಪ್ರೊಸೆಸರ್ ಜೊತೆ ಬರುವ ರೇತ್ ಸ್ಟೆಲ್ತ್ ಕೂಲರ್‌ಗೆ ಹೀಟ್ ಪೈಪ್ (ಶಾಖವನ್ನು ಬೇಗ ದೂರ ಒಯ್ಯುವ ಕೊಳವೆ) ಇಲ್ಲ. ಕಾರ್ಡಿನ ನೆತ್ತಿಯ ಮೇಲೆ ಕೂತು ಆ ಬಿಸಿಗಾಳಿಯನ್ನೇ ಹೀರಿ ಬೋರ್ಡಿಗೆ ಊದುತ್ತದೆ. ಸಾಲದ್ದಕ್ಕೆ, ಹಳೆ ಕಾರ್ಡಿಗಾಗಿ ಕಾಯುತ್ತಿದ್ದ ಪ್ರೊಸೆಸರ್ ಈಗ ಸೆಕೆಂಡಿಗೆ ಎಷ್ಟೋ ಹೆಚ್ಚು ಫ್ರೇಮ್ ಸಿದ್ಧಮಾಡಬೇಕು. ಅದರ ಕೆಲಸವೂ ಏರಿದೆ.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಎಚ್‌ಡಬ್ಲ್ಯೂಇನ್ಫೋ64 (ಉಷ್ಣಾಂಶ ತೋರಿಸುವ ತಂತ್ರಾಂಶ) ತೆರೆದಿಟ್ಟು, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಆರ್23 ಅನ್ನು 10 ನಿಮಿಷ ಓಡಿಸಿ, ಉಷ್ಣಾಂಶ ಬರೆದುಕೊಳ್ಳಿ. ಆಮೇಲೆ ಅದೇ ಆಟವನ್ನು ಸೈಡ್ ಪ್ಯಾನೆಲ್ ಮುಚ್ಚಿ 20 ನಿಮಿಷ, ತೆಗೆದು 20 ನಿಮಿಷ ಆಡಿ. ಪ್ಯಾನೆಲ್ ತೆಗೆದಾಗ 8–10 ಡಿಗ್ರಿ ಇಳಿದರೆ ಕೊರತೆ ಗಾಳಿಯದು: ಮುಂದೆ ಎರಡು 120 ಮಿ.ಮೀ. ಫ್ಯಾನ್ ಒಳಮುಖವಾಗಿ, ಹಿಂದೆ ಒಂದು ಹೊರಮುಖವಾಗಿ ಹಾಕಿ. ಮುಂಭಾಗಕ್ಕೆ ಗಾಜು ಬಡಿದ ಕ್ಯಾಬಿನೆಟ್ ನೋಡಲು ಚೆಂದ, ಉಸಿರಾಡಲು ಅಲ್ಲ. ಪ್ಯಾನೆಲ್ ತೆಗೆದರೂ ಅಷ್ಟೇ ಇದ್ದು, ಸಿನೆಬೆಂಚ್‌ನಲ್ಲೂ 90ರ ಹತ್ತಿರ ಹೋದರೆ (5600ಕ್ಕೆ 90 ಡಿಗ್ರಿಯೇ ಮಿತಿ, ಅಲ್ಲಿ ವೇಗ ಇಳಿಸಿಕೊಳ್ಳುತ್ತದೆ) ಆಗ ಎಕೆ400ರ ಮಾತು.

ಇದರಲ್ಲಿ ನಾಲ್ಕು ಹೀಟ್ ಪೈಪ್, ಒಂದು 120 ಮಿ.ಮೀ. ಫ್ಯಾನ್. ಫ್ಯಾನ್ ರ‍್ಯಾಮ್ ಕಡೆಯಿಂದ ಹಿಂದಕ್ಕೆ ಊದುವುದರಿಂದ ಬಿಸಿಗಾಳಿ ನೇರ ಹಿಂದಿನ ಫ್ಯಾನಿಗೆ ಸಿಗುತ್ತದೆ. ನಿಜವಾದ ಲಾಭ ಇದೇ. ಕಂಪನಿ ಹೇಳುವ 220 ವ್ಯಾಟ್ ಸಾಮರ್ಥ್ಯಕ್ಕೆ ಮರುಳಾಗಬೇಡಿ, 5600 ಎಳೆಯುವುದೇ 76 ವ್ಯಾಟ್. ಎತ್ತರ 155 ಮಿ.ಮೀ., ಸಣ್ಣ ಕ್ಯಾಬಿನೆಟ್ ಆದರೆ ಅಳೆದು ನೋಡಿ.

ಜೋಡಿಸುವಾಗ ಕೆಡುವುದು ಹಳೆ ಕೂಲರ್ ಬಿಚ್ಚುವಾಗ. ಮೊದಲು ಸಿನೆಬೆಂಚ್ ಓಡಿಸಿ, ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಶಾಖ ದಾಟಿಸಲು ಹಚ್ಚಿರುವ ಪೇಸ್ಟ್ ಬಿಸಿಮಾಡಿ, ಕರೆಂಟ್ ತೆಗೆದು, ಕೂಲರನ್ನು ಅತ್ತಿತ್ತ ತಿರುಗಿಸಿ ಬಿಡಿಸಿಕೊಂಡು ಎತ್ತಿ. ನೇರ ಎಳೆದರೆ ಎಎಂ4 ಸಾಕೆಟ್ಟಿನಿಂದ ಪ್ರೊಸೆಸರೇ ಕಿತ್ತು ಬಂದು ಪಿನ್ ಬಾಗಬಹುದು. ಸ್ಟೆಲ್ತ್‌ನ ಸ್ಕ್ರೂ ಬಿಚ್ಚಿದರೆ ಬೋರ್ಡಿನ ಹಿಂದಿನ ಲೋಹದ ಪ್ಲೇಟ್ ಕಳಚುತ್ತದೆ, ಹಿಂದಿನಿಂದ ಕೈಕೊಟ್ಟು ಹಿಡಿಯಿರಿ. ಎಕೆ400ಕ್ಕೂ ಅದೇ ಪ್ಲೇಟ್ ಬೇಕು. ಹಳೆ ಪೇಸ್ಟ್ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಎರಡೂ ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಒಂದು ಕಡೆ ಪೂರ್ತಿ ತಿರುಗಿಸಿದರೆ ತಳ ಓರೆಯಾಗಿ ಕೂರುತ್ತದೆ.

5900ಎಕ್ಸ್‌ನಂಥ 12 ಕೋರಿನ ಪ್ರೊಸೆಸರಿಗೆ ಇದು ಸಾಲದು ಎನ್ನಲಾಗದು, ಆದರೆ ಪೂರ್ತಿ ಲೋಡಿನಲ್ಲಿ ಫ್ಯಾನ್ ಸದ್ದು ಕಾಡುತ್ತದೆ. ಅಲ್ಲಿಗೆ ಎರಡು ಗೋಪುರದ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್ಇ ಮೇಲು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಯಾವ ಏರ್ ಕೂಲರೂ ಕೋಣೆಯ ಬಿಸಿಗಿಂತ ಕೆಳಗಿಳಿಸಲಾರದು. ಹೊರಗೆ 10 ಡಿಗ್ರಿ ಏರಿದರೆ ಒಳಗೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅಂಥ ಕಡೆ ಆಫ್ಟರ್‌ಬರ್ನರ್‌ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಲಿಮಿಟ್ (ವಿದ್ಯುತ್ ಮಿತಿ) 80 ಪ್ರತಿಶತಕ್ಕೆ ಇಳಿಸಿ. 40 ವ್ಯಾಟ್ ಬಿಸಿ ಕಡಿಮೆ, ಆಟದ ವೇಗದಲ್ಲಿ ಆಗುವ ನಷ್ಟ ಅಲ್ಪ.

ಬಹಳಷ್ಟು ಬೋರ್ಡುಗಳಲ್ಲಿ ಕ್ಯಾಬಿನೆಟ್ ಫ್ಯಾನುಗಳು ಪ್ರೊಸೆಸರಿನ ಬಿಸಿ ನೋಡಿಯೇ ಓಡುತ್ತವೆ. ಹೊಸ ಕೂಲರ್ ಅದನ್ನು ತಣ್ಣಗಿಟ್ಟ ಮೇಲೆ ಅವು ನಿಧಾನವಾಗಿ, ಈ ಬಾರಿ ಕಾರ್ಡ್ ಬಿಸಿಯೇರತೊಡಗುತ್ತದೆ. ಫ್ಯಾನ್‌ಕಂಟ್ರೋಲ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ರೊಸೆಸರ್, ಕಾರ್ಡ್ ಎರಡರಲ್ಲಿ ಯಾವುದು ಹೆಚ್ಚು ವೇಗ ಕೇಳುತ್ತದೋ ಅದರಂತೆ ಫ್ಯಾನ್ ಓಡುವ ಹಾಗೆ ಮಿಕ್ಸ್ ಕರ್ವ್ ಹಾಕಿಕೊಳ್ಳಿ.