ಕ್ಯಾನುಲಾ: ದಿನ ಎಣಿಸಿ ಬದಲಿಸಬೇಕಾ, ತೊಂದರೆ ಕಂಡಾಗ ಮಾತ್ರವಾ?

ಡ್ರಿಪ್ಸ್‌ಗೆ ಕೈಗೆ ಹಾಕುವ ಕ್ಯಾನುಲಾದ (ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ) ವಿಷಯದಲ್ಲಿ ಎರಡು ಪದ್ಧತಿಗಳಿವೆ. ಒಂದು, 72ರಿಂದ 96 ಗಂಟೆ ಆಯಿತೆಂದರೆ ಚೆನ್ನಾಗಿದ್ದರೂ ತೆಗೆದು ಬೇರೆ ಕಡೆ ಚುಚ್ಚುವುದು. ಇನ್ನೊಂದು, ನೋವು, ಕೆಂಪು, ಊತ, ಸೋರಿಕೆ ಕಂಡಾಗ ಮಾತ್ರ ಬದಲಿಸುವುದು.

ರೋಗಿಗೆ ಹಿತ ಎರಡನೆಯದೇ. ನರ ಸಿಗದವರಿಗೆ ಸುಮ್ನೆ ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವುದು ಎಂಥ ಹಿಂಸೆ ಅಲ್ವಾ? 2012ರಲ್ಲಿ ಪ್ರಕಟವಾದ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ 3 ಆಸ್ಪತ್ರೆಗಳ 3,283 ರೋಗಿಗಳ ಅಧ್ಯಯನದಲ್ಲಿ ರಕ್ತನಾಳದ ಉರಿಯೂತ ಎರಡೂ ಪದ್ಧತಿಯ ಗುಂಪುಗಳಲ್ಲಿ ಶೇ. 7 ಇತ್ತು. ಎರಡನೆಯದರಲ್ಲಿ ಖರ್ಚೂ ಕಡಿಮೆ.

ಆದರೆ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳು ಈ ಎರಡನೇ ಪದ್ಧತಿಗೆ ಬದಲಾದಾಗ ರಕ್ತದ ಸೋಂಕು ಜಾಸ್ತಿಯಾಯಿತು, ಹಳೇ ಪದ್ಧತಿಗೆ ಮರಳಿದ ಮೇಲೆ ಇಳಿಯಿತು. ಈ ಸೋಂಕು ಅಪರೂಪ, ಬಂದರೆ ಮಾತ್ರ ಜೀವಕ್ಕೇ ಕುತ್ತು.

ನನ್ನನ್ನು ಕೇಳಿದರೆ, ಪ್ರತಿ ಪಾಳಿಯಲ್ಲೂ ಸಿಸ್ಟರ್ ಬಂದು ಚುಚ್ಚಿದ ಜಾಗ ನೋಡಿ, ಒತ್ತಿ, ಬರೆದಿಡುವ ವಾರ್ಡಾದರೆ ಎರಡನೆಯದು ಸರಿ. ನೋಡುವವರೇ ಇಲ್ಲ, ಒಬ್ಬರ ತಲೆಯ ಮೇಲೆ ಮೂವತ್ತು ಮಂಚ ಅಂದರೆ ದಿನ ಎಣಿಸುವುದೇ ವಾಸಿ. ತುರ್ತಿನಲ್ಲಿ ಸ್ವಚ್ಛತೆ ನೋಡದೆ ಹಾಕಿದ್ದನ್ನು ಎರಡು ಪದ್ಧತಿಯಲ್ಲೂ 48 ಗಂಟೆಯೊಳಗೆ ಬದಲಿಸಬೇಕು. ಔಷಧಿ ನಿಂತ ಮೇಲೂ ‘ಇರಲಿ ಬಿಡಿ’ ಅಂತ ಉಳಿಸಿಕೊಂಡದ್ದು ಇದೆಯಲ್ಲ, ಅದು ಬೇಕಾ ಅಂತ ಇವತ್ತೇ ಕೇಳಿ.