‘ಆಮೇಲೆ ಬೇಕಾದ್ರೆ ಮಾಡಿಸ್ಕೋಬಹುದು’ ಅನ್ನೋ ಮಾತು ನಂಬಿ ಮನೆ ಕಟ್ಟಬೇಡಿ

ವೀಲ್‌ಚೇರ್ 26 ಇಂಚು ಅಗಲ. ಬಾತ್‌ರೂಮ್ ಬಾಗಿಲು 24 ಇಂಚು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅಮ್ಮನನ್ನು ಆಸ್ಪತ್ರೆಯಿಂದ ಕರೆದುಕೊಂಡು ಬಂದ ದಿನ ಈ ಲೆಕ್ಕ ನಮಗೆ ಗೊತ್ತಾಯಿತು. ಅದೂ ಚಕ್ರ ಚೌಕಟ್ಟಿಗೆ ಬಡಿದು, ಅಮ್ಮನ ಬೆರಳಿನ ಗೆಣ್ಣು ತರಚಿದ ಮೇಲೆ.

ನಕ್ಷೆ ತೆಗೆದು ನೋಡಿದೆ. ಅದರಲ್ಲಿ 30 ಇಂಚು ಅಂತಲೇ ಇತ್ತು. ಮೋಸ ಏನೂ ಇಲ್ಲ. ಆದರೆ ಆ 30 ಇಂಚು ಗೋಡೆಯಲ್ಲಿ ಬಿಟ್ಟ ಜಾಗ. ಎರಡೂ ಕಡೆಯ ಚೌಕಟ್ಟು ಸೇರಿ 5 ಇಂಚು ಹೋಯಿತು. ಬಾಗಿಲು ಪೂರ್ತಿ ತೆರೆದರೂ ಅದರ ದಪ್ಪ ದಾರಿಯಲ್ಲೇ ನಿಲ್ಲುತ್ತದೆ, ಅಲ್ಲಿ ಇನ್ನೊಂದು ಇಂಚು. ಉಳಿದದ್ದು 24. ಚಕ್ರ ತಿರುಗಿಸುವ ಕೈಗಳಿಗೂ ಜಾಗ ಬೇಕಲ್ವಾ? ಅದಕ್ಕೇ ಬಾಗಿಲು ತೆರೆದಾಗ ಕನಿಷ್ಠ 32 ಇಂಚು ಖಾಲಿ ದಾರಿ ಸಿಗಬೇಕು. ಅಂದರೆ ಗೋಡೆಯಲ್ಲಿ 38 ಇಂಚಾದರೂ ಬಿಡಬೇಕು. ನಿಮ್ಮ ನಕ್ಷೆಯಲ್ಲಿರುವ ಬಾಗಿಲಿನ ಅಳತೆ ಯಾವುದರದ್ದು ಅಂತ ಇವತ್ತೇ ಕೇಳಿ. ನಾನು ಕೇಳಿರಲಿಲ್ಲ.

ಕೇಳಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಕಟ್ಟುವಾಗ ನನ್ನ ಹೆಂಡತಿ ಒಮ್ಮೆ ಕೇಳಿದ್ದಳು, ‘ಕೆಳಗೆ ಒಂದು ಬಾತ್‌ರೂಮ್ ಸ್ವಲ್ಪ ದೊಡ್ಡದು ಮಾಡೋಣ, ಬಾಗಿಲು ಅಗಲ ಇಡೋಣ, ಮುಂದೆ ವಯಸ್ಸಾದಾಗ ಬೇಕಾಗುತ್ತೆ’ ಅಂತ. ನಮ್ಮ ಎಂಜಿನಿಯರ್ ನಕ್ಕರು. ‘ಮನೆ ಆಸ್ಪತ್ರೆ ಥರ ಕಾಣುತ್ತೆ ಮೇಡಂ. ಆಮೇಲೆ ಬೇಕಾದ್ರೆ ಮಾಡಿಸ್ಕೋಬಹುದು’ ಅಂದರು. ನಾನೂ ಅವರ ಜೊತೆ ತಲೆ ಆಡಿಸಿದೆ. ಹಾಲ್ ದೊಡ್ಡದಾಗಲಿ ಅನ್ನೋ ಆಸೆ ನನಗೂ ಇತ್ತು.

ಆ ‘ಆಮೇಲೆ’ ಬಂದಾಗ ಏನಾಯಿತು ಕೇಳಿ.

ಬಾಗಿಲು ಅಗಲ ಮಾಡಿಸೋದು ಅಂದರೆ ಚೌಕಟ್ಟು ಕಿತ್ತು ದೊಡ್ಡದು ಹಾಕೋದು ಅಂದುಕೊಂಡಿದ್ದೆ. ಮೇಸ್ತ್ರಿ ಬಂದು ಗೋಡೆ ತಟ್ಟಿ ನೋಡಿದರು. ಬಾಗಿಲ ಮೇಲಿನ ಲಿಂಟಲ್, ಅಂದರೆ ಮೇಲಿನ ಗೋಡೆಯ ಭಾರ ಹೊರೋ ಅಡ್ಡಪಟ್ಟಿ, ಎರಡೂ ಕಡೆ ಗೋಡೆಯ ಮೇಲೆ ಕೂತಿರುತ್ತದೆ. ದಾರಿ ಅಗಲ ಮಾಡಿದರೆ ಅದು ಕೂರೋ ಜಾಗವೇ ಹೋಗುತ್ತದೆ. ಹಾಗಾಗಿ ಹೊಸದು ಹಾಕಬೇಕು, ಅಲ್ಲಿಯವರೆಗೆ ಮೇಲಿನ ಗೋಡೆಗೆ ಆಸರೆ ಕೊಡಬೇಕು. ಒಂದು ಪಕ್ಕ ಸ್ವಿಚ್‌ಬೋರ್ಡ್, ಇನ್ನೊಂದು ಪಕ್ಕ ಗೋಡೆಯೊಳಗೆ ನೀರಿನ ಪೈಪು. ಪೈಪು ಸರಿಯಾಗಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಪ್ಲಾಸ್ಟರ್ ಮಾಡುವ ಮುಂಚೆ ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಟೇಪ್ ಹಿಡಿದು. ಖರ್ಚೇ ಇಲ್ಲದ ಕೆಲಸ. ನಾವು ಮಾಡಿರಲಿಲ್ಲ, ಪೈಪು ಒಡೆಯಿತು.

ಬಾಗಿಲಿನ ದಪ್ಪವನ್ನು ದಾರಿಯಿಂದ ಆಚೆ ತೆಗೆಯುವ ಆಫ್‌ಸೆಟ್ ಹಿಂಜ್ ಅಂತ ಇದೆ. ಒಂದೆರಡು ಇಂಚು ಕಡಿಮೆ ಬಿದ್ದಿರುವವರು ಗೋಡೆ ಒಡೆಯುವ ಮುಂಚೆ ಅದನ್ನು ನೋಡಿ. ನಮಗೆ ಅದೂ ಸಾಲಲಿಲ್ಲ.

ಕೆಲಸ ಮುಗಿಯುವವರೆಗೆ ಅಮ್ಮನ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ. ಎಪ್ಪತ್ತೆರಡು ವರ್ಷ ಯಾರ ಹತ್ತಿರವೂ ಏನೂ ಮಾಡಿಸಿಕೊಳ್ಳದವಳು, ಮೊಮ್ಮಗ ಸ್ಕೂಲಿಗೆ ಹೋಗೋವರೆಗೆ ತಡೆದುಕೊಂಡು ಕೂತಿರುತ್ತಿದ್ದಳು. ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ದಾಳೆ ಅಂತ ನಮಗೆ ತಿಳಿದದ್ದು ಎಷ್ಟೋ ದಿನ ಆದಮೇಲೆ. ದುಡ್ಡು ಹೋದದ್ದಕ್ಕಿಂತ ಇದು ನನಗೆ ಜಾಸ್ತಿ ನೋವು.

ಹಿಡಿಕೆಯದ್ದು ಇನ್ನೊಂದು ಕಥೆ. ಕಮೋಡ್ ಪಕ್ಕ ಸ್ಟೀಲಿನ ಹಿಡಿಕೆ ಹಾಕಿಸಿದೆವು. ನೋಡೋಕೆ ಗಟ್ಟಿಮುಟ್ಟಾಗಿತ್ತು. ಮೂರನೇ ದಿನ ಪರೀಕ್ಷೆ ಮಾಡೋಣ ಅಂತ ನಾನೇ ಭಾರ ಬಿಟ್ಟೆ. ಟೈಲ್ಸ್ ಸಮೇತ ಕೈಗೆ ಬಂತು. ಗೋಡೆ ಟೊಳ್ಳು ಬ್ಲಾಕಿನದ್ದು, ಒಳಗೆ ಪ್ಲಾಸ್ಟಿಕ್ ಪ್ಲಗ್, ಸ್ಕ್ರೂಗೆ ಕಚ್ಚಿಕೊಳ್ಳೋಕೆ ಏನೂ ಇರಲಿಲ್ಲ. ಅಮ್ಮ ಹಿಡಿದಿದ್ದರೆ? ಕಟ್ಟುವಾಗಲೇ ಕಮೋಡ್ ಹಿಂದೆ, ಪಕ್ಕ, ಶವರ್ ಹತ್ತಿರ ನೆಲದಿಂದ ಎರಡೂವರೆಯಿಂದ ಮೂರು ಅಡಿ ಎತ್ತರದಲ್ಲಿ ಗಟ್ಟಿ ಇಟ್ಟಿಗೆಯದ್ದೋ ಕಾಂಕ್ರೀಟಿನದ್ದೋ ಪಟ್ಟಿ ಇಡಿಸಿ. ಹಿಡಿಕೆ ಈಗ ಬೇಡ, ಪಟ್ಟಿ ಮಾತ್ರ ಸಾಕು. ಮನೆ ಆಸ್ಪತ್ರೆ ಥರ ಕಾಣೋದೂ ಇಲ್ಲ! ಗಾಜಿಗೆ ಅಂಟಿಸೋ ಥರದ ರಬ್ಬರ್ ಕಪ್ ಹಿಡಿಕೆ ಮಾತ್ರ ತರಬೇಡಿ. ಅದು ಮೈಭಾರ ಹೊರೋದಲ್ಲ.

ಅಂದಹಾಗೆ, ಎಲ್ಲರಿಗೂ ಒಗ್ಗುವ ಮನೆ, ಕಟ್ಟಡ, ಸಾಮಾನು ಮಾಡಬೇಕು ಅನ್ನೋ ಯೋಚನೆಗೆ ಯೂನಿವರ್ಸಲ್ ಡಿಸೈನ್ ಅಂತ ಹೆಸರಿಟ್ಟ ಅಮೆರಿಕದ ವಾಸ್ತುಶಿಲ್ಪಿ ರಾನ್ ಮೇಸ್ ಸ್ವತಃ ವೀಲ್‌ಚೇರ್ ಬಳಸುತ್ತಿದ್ದವರು. ಚಿಕ್ಕಂದಿನಲ್ಲೇ ಪೋಲಿಯೊ ಆಗಿತ್ತು. ನಮ್ಮ ಎಂಜಿನಿಯರ್ ಒಂದು ದಿನವಾದರೂ ವೀಲ್‌ಚೇರಿನಲ್ಲಿ ಕೂತು ತಾವೇ ಬರೆದ ನಕ್ಷೆಯೊಳಗೆ ಓಡಾಡಿದ್ದರೆ ಅಂತ ಅನ್ನಿಸುತ್ತಿರುತ್ತದೆ.

ಮುಂಬಾಗಿಲಿಗೆ ಮೂರು ಮೆಟ್ಟಿಲು. ಒಂದೊಂದು 6 ಇಂಚು, ಒಟ್ಟು 18. ರ‍್ಯಾಂಪಿನ ಲೆಕ್ಕ ಒಂದಕ್ಕೆ ಹನ್ನೆರಡು, ಅಂದರೆ ಒಂದು ಇಂಚು ಏರೋಕೆ ಒಂದು ಅಡಿ ಉದ್ದ ಬೇಕು. ನಮಗೆ 18 ಅಡಿ ಬೇಕಿತ್ತು, ಗೇಟಿನವರೆಗೆ ಇದ್ದದ್ದು 7 ಅಡಿ. ಇಷ್ಟು ಸಾಕು ಅಂತ ಹಲಗೆ ಹಾಕಿ ತಳ್ಳಿದೆ. ಅರ್ಧಕ್ಕೆ ಹೋದ ಕುರ್ಚಿ ಹಿಂದಕ್ಕೆ ಜಾರಿ ನನ್ನ ಮೊಣಕಾಲಿಗೆ ಬಂತು. ಈಗ ಮನೆಯ ಪಕ್ಕದ ಗೋಡೆಗುಂಟ 20 ಅಡಿ ಇಳಿಜಾರು ಮಾಡಿಸಿ, ಅಡುಗೆಮನೆಯ ಹಿಂಬಾಗಿಲಿಗೆ ಮುಟ್ಟಿಸಿದ್ದೇವೆ. ಅಮ್ಮ ತನ್ನ ಮನೆಗೇ ಹಿಂಬಾಗಿಲಿಂದ ಬರ್ತಾಳೆ.

ಸ್ವಿಚ್ಚು, ಹ್ಯಾಂಡಲ್ಲು ಇವೆಲ್ಲ ಯಾವಾಗ ಬೇಕಾದರೂ ಬದಲಾಯಿಸಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆಮೇಲೆ ಬದಲಾಯಿಸೋಕೆ ಕಷ್ಟ ಆಗೋದು ನೆಲದ ಮಟ್ಟ, ಬಾಗಿಲ ಅಗಲ, ಪೈಪು ಹೋಗೋ ದಾರಿ. ನೆಲಮಹಡಿಯಲ್ಲಿ ಮಲಗೋಕೆ ಒಂದು ರೂಮು, ಅದಕ್ಕೆ ತಾಗಿದ ಬಾತ್‌ರೂಮು, ಒಳಗೆ 5 ಅಡಿ ಸುತ್ತಳತೆಯಲ್ಲ, 5 ಅಡಿ ಅಡ್ಡಳತೆಯ ತಿರುಗೋ ಜಾಗ. ಬಾಗಿಲು ಹೊರಗೆ ತೆರೀಲಿ, ಇಲ್ಲವೇ ಪಕ್ಕಕ್ಕೆ ಸರೀಲಿ. ಒಳಗೆ ತೆರೆಯೋ ಬಾಗಿಲಿಗೆ ಅಡ್ಡ ಯಾರಾದರೂ ಬಿದ್ದರೆ ಅದನ್ನು ತಳ್ಳೋಕೇ ಆಗಲ್ಲ. ಸ್ಲ್ಯಾಬ್ ಹಾಕುವಾಗಲೇ ಶವರ್ ಜಾಗ ತಗ್ಗಿಸಿಕೊಂಡರೆ ಹೊಸ್ತಿಲ ದಿಮ್ಮಿ ಬೇಡ. ನೀರು ಹರಿಯೋಕೆ ಅಡಿಗೆ ಕಾಲು ಇಂಚು ಇಳಿಜಾರು ಸಾಕು. ಎರಡು ಮಹಡಿಯಾದರೆ ಒಂದರ ಮೇಲೊಂದು ಬರೋ ಹಾಗೆ ದೊಡ್ಡ ಕಪಾಟು ಇಡಿಸಿ, ಮುಂದೆ ಅಲ್ಲೇ ಲಿಫ್ಟ್ ಇಳಿಸಬಹುದು. ಆದರೆ ನಡುವಿನ ಸ್ಲ್ಯಾಬಿನಲ್ಲಿ ಆ ಜಾಗಕ್ಕೆ ತೊಲೆ ಅಡ್ಡ ಬರದ ಹಾಗೆ ಈಗಲೇ ಹೇಳಿ.

ಬಾಗಿಲು ಅಗಲ ಮಾಡಿದ ಕಡೆ ಒಂದು ಸಾಲು ಟೈಲ್ಸ್ ಬೇರೆ ಬಣ್ಣದ್ದು. ಹಳೆಯದು ಎಲ್ಲೂ ಸಿಗಲಿಲ್ಲ. ಕಣ್ಣಿಗೆ ಹೊಡೀತದೆ, ಅದರ ಮೇಲೆ ಒಂದು ಕಾಲೊರಸು ಹಾಕೋಣ್ವಾ ಅಂತ ಅಮ್ಮನನ್ನು ಕೇಳಿದೆ.

‘ಯಾಕೆ, ಮತ್ತೆ ಎಡವಿ ಬೀಳೋಕಾ?’ ಅಂದಳು.